ಹೊಸತೊಡಕಿನ ಗಸಗಸೆ

ನಾನು ದೇವನಹಳ್ಳಿ ಕೋರ್ಟಿನಲ್ಲಿ ಜಮೀನು ತಕರಾರಿನ ಕೇಸು ನಡೆಸುವವಳು. ಅಂತರರಾಷ್ಟ್ರೀಯ ಕಾನೂನು ಓದಿದ್ದು ಪರೀಕ್ಷೆಗೆ ಮಾತ್ರ, ಅದೂ ಪಾಸಾಗುವಷ್ಟು. ಹಾಗಿದ್ದರೂ ನಮ್ಮ ತಾಲ್ಲೂಕಿನದೇ ಆದ ಚನ್ನರಾಯಪಟ್ಟಣದ ಮುನಿತಾಯಮ್ಮ ನನ್ನನ್ನೇ ಹುಡುಕಿಕೊಂಡು ಬಂದರು. ‘ನವ್ಯಶ್ರೀ ನಮ್ಮೂರ ಹುಡುಗಿ, ಕರೀ ಕೋಟು ಹಾಕುತ್ತಾಳೆ.’ ಅವರಿಗೆ ಅಷ್ಟು ಸಾಕಾಗಿತ್ತು.

ಅವರ ಮಗ ಕಾಂತರಾಜು ನೆಲಮಂಗಲದ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಸಮುದ್ರದಾಚೆಯ ಒಂದು ದೇಶದಲ್ಲಿ ಅದೇ ಕೆಲಸ ಸಿಕ್ಕಿ, ಯುಗಾದಿಗೆ ಮುಂಚೆ ವಿಮಾನ ಹತ್ತಿದ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಮಾಂಸದ ಸಾರು ಉಣ್ಣದವನನ್ನು ನಮ್ಮ ಕಡೆ ಮನುಷ್ಯರ ಸಾಲಿಗೇ ಸೇರಿಸುವುದಿಲ್ಲ. ಮಗ ಪರದೇಶದಲ್ಲಿ ಹಬ್ಬವಿಲ್ಲದೆ ಇರಬೇಕಲ್ಲ ಎಂದು ಈ ತಾಯಿ, ಅವನು ಏನೂ ಬೇಡವೆಂದರೂ ಕೇಳದೆ, ಅವನಿಗೆ ಕಾಣದಂತೆ ಬ್ಯಾಗಿನಲ್ಲಿ ಲುಂಗಿಗಳ ನಡುವೆ ಗಸಗಸೆಯ ಪೊಟ್ಟಣ ತುರುಕಿದರು. ಗಸಗಸೆ ಅರೆದು ಹಾಕದಿದ್ದರೆ ಸಾರು ಮಂದವಾಗುವುದಿಲ್ಲವಲ್ಲ. ಅದು ಅಫೀಮು ಗಿಡದ ಬೀಜ, ಆ ದೇಶದಲ್ಲಿ ಮಾದಕ ವಸ್ತು ಎಂದು ಒಲೆ ಮುಂದೆ ಕೂತವರಿಗೆ ಯಾರು ಹೇಳಬೇಕಿತ್ತು? ನನಗೇ ಗೊತ್ತಿರಲಿಲ್ಲ.

ಇಳಿದ ಕೂಡಲೇ ಹಿಡಿದರು. ಜೈಲು, ಜೊತೆಗೆ ಬೆತ್ತದ ಏಟು ಎಂದು ತೀರ್ಪಾಯಿತು. ನೀರಿನಲ್ಲಿ ನೆನೆಸಿದ ಬೆತ್ತ, ಅದಕ್ಕೆಂದೇ ಪಳಗಿದ ಆಳು, ಪಕ್ಕದಲ್ಲೊಬ್ಬ ಡಾಕ್ಟರು. ಏಟು ತಡೆದುಕೊಳ್ಳುವಷ್ಟು ಆರೋಗ್ಯವಿದೆ ಎಂದು ಡಾಕ್ಟರು ಸಹಿ ಹಾಕಿದ ಮೇಲೆ ಬಟ್ಟೆ ಬಿಚ್ಚಿಸಿ, ಬಗ್ಗಿಸಿ ಕಟ್ಟಿ, ಕುಂಡೆಯ ಮೇಲೆ ಹೊಡೆಯುತ್ತಾರೆ. ಅಲ್ಲಿನ ನಿಯಮ ಓದುತ್ತಾ ನನಗೆ ಮೈಯೆಲ್ಲ ಉರಿದುಹೋಯಿತು. ಕುರಿ ಕಡಿಯುವವನು ಕೂಡ ಇಂಥ ಮರ್ಯಾದೆಯ ನಾಟಕ ಆಡುವುದಿಲ್ಲ.

ಕ್ರೂರವಾದ, ಅಮಾನುಷವಾದ ಶಿಕ್ಷೆ ಕೂಡದು ಎಂದು ವಿಶ್ವಸಂಸ್ಥೆಯ ಒಪ್ಪಂದ ಹೇಳುತ್ತದೆ. ಆ ದೇಶ ಅದಕ್ಕೆ ಸಹಿಯನ್ನೇ ಹಾಕಿಲ್ಲ. ನಮ್ಮ ದೇಶ ಸಹಿ ಹಾಕಿ, ಅನುಮೋದಿಸದೆ, ವರ್ಷಗಟ್ಟಲೆ ಅಟ್ಟದ ಮೇಲಿಟ್ಟಿದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದರು ಎನ್ನುತ್ತಾರೆ. ಇಲ್ಲಿ ಎರಡೂ ಎಲೆಯಲ್ಲಿ ಹೆಗ್ಗಣವೇ.

ಅಲ್ಲಿನ ವಕೀಲರೊಬ್ಬರು ಒಂದು ದಾರಿ ತೋರಿಸಿದ್ದರು. ಬ್ಯಾಗಿನಲ್ಲಿ ಗಸಗಸೆ ಇದ್ದದ್ದು ತನಗೆ ತಿಳಿದಿರಲಿಲ್ಲ ಎಂದು ಮಗ, ಇಟ್ಟವಳು ತಾನು ಎಂದು ತಾಯಿ ಹೇಳಿದರೆ ಮೇಲ್ಮನವಿಗೆ ಬಲ ಬರುತ್ತದೆ. ಮೇಲ್ಮನವಿ ಹಾಕಿದರೆ, ಅದು ಮುಗಿಯುವವರೆಗೆ ಅವನ ಮೈಗೆ ಬೆತ್ತ ತಾಗಿಸುವಂತಿಲ್ಲ. ತಾಯಿ ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಿಯಾಗಿತ್ತು. ತೊಡಕು ಮಗನದು. ಕೋರ್ಟಿನಲ್ಲಿ ಅವನು ‘ನಾನೇ ಇಟ್ಟುಕೊಂಡದ್ದು’ ಎಂದುಬಿಟ್ಟಿದ್ದ. ಮೇಲ್ಮನವಿಯ ಗಡುವು ಇನ್ನೂ ಮುಗಿದಿಲ್ಲ, ಅಲ್ಲಿಯವರೆಗೆ ಹೊಡೆಯುವುದಿಲ್ಲ, ಹೆದರಬೇಡಿ ಎಂದು ಮುನಿತಾಯಮ್ಮನಿಗೆ ನಾನೇ ಧೈರ್ಯ ಹೇಳಿದ್ದೆ. ಜೈಲಿನವರು ಒಂದು ವಿಡಿಯೊ ಕರೆಗೆ ಒಪ್ಪಿದ್ದರು. ಅದರಲ್ಲೇ ಅವನನ್ನು ಒಪ್ಪಿಸಬೇಕಿತ್ತು.

ಮಧ್ಯಾಹ್ನ ನನ್ನ ಆಫೀಸಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಕೂತೆವು. ಕಡೆಗೆ ಕಾಂತರಾಜು ಕಾಣಿಸಿದ. ಗಡ್ಡ ಬೋಳಿಸಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು.

“ಉಂಡ್ಯೇನಪ್ಪ?”

“ಹ್ಞೂ ಕಣಮ್ಮ. ನೀನು?”

“ನಂದಿರ್ಲಿ. ನವ್ಯಮ್ಮ ಹೇಳ್ದಂಗೆ ಕೇಳು. ಇಟ್ಟೋಳು ನಾನು, ನಿಂಗೆ ಗೊತ್ತಿರ್ಲಿಲ್ಲ. ಅಷ್ಟು ಹೇಳು ಸಾಕು.”

ಅವನು ತಲೆ ತಗ್ಗಿಸಿದ. “ಅದ್ನ ಬಿಟ್ಬಿಡಮ್ಮ.”

“ಯಾಕೆ ಬಿಡ್ಲಿ? ನಿಜ ಹೇಳಕ್ಕೆ ಏನ್ ಕಷ್ಟ ನಿಂಗೆ?”

“ಯಾರು ಇಟ್ಟಿದ್ದು ಅಂತ ಕೇಳ್ತಾರೆ. ನಮ್ಮಮ್ಮ ಅಂತ ಹೆಂಗ್ ಹೇಳ್ಲಿ? ಪೊಲೀಸ್ನೋರು ಊರಿಗೆ ಬಂದು ನಿನ್ನ ಸ್ಟೇಷನ್ಗೆ ಎಳ್ಕೊಂಡು ಹೋದ್ರೆ?”

ನನಗೆ ತಡೆಯಲಾಗಲಿಲ್ಲ, ನಡುವೆ ಬಾಯಿ ಹಾಕಿದೆ. “ಲೋ ಕಾಂತರಾಜು, ಇಲ್ಲಿ ಗಸಗಸೇನ ಅಂಗಡೀಲಿ ಮಾರ್ತಾರೆ ಕಣೋ. ನಿಮ್ಮಮ್ಮನ್ನ ಯಾರೂ ಏನೂ ಮಾಡಲ್ಲ. ಇವತ್ತು ಹ್ಞೂ ಅನ್ನು, ಏಟು ನಿಲ್ಲುತ್ತೆ.”

“ಮೇಲ್ಮನವಿ ಬೇಡ ಅಂತ ಬರ್ಕೊಟ್ಬಿಟ್ಟೆ ಅಕ್ಕ. ಆಗ್ಲೇ.”

ಗಡುವು ಇದೆ, ಗಡುವು ಇದೆ ಎಂದು ನಾನು ಇಲ್ಲಿ ಜಪ ಮಾಡುತ್ತಿದ್ದಾಗ, ಅವನು ಅಲ್ಲಿ ತಾಯಿಯನ್ನು ಉಳಿಸಲು ತನ್ನ ಬಾಗಿಲು ತಾನೇ ಮುಚ್ಚಿಕೊಂಡಿದ್ದ. ಮುನಿತಾಯಮ್ಮನಿಗೆ ಆ ಮಾತು ಅರ್ಥವಾದಂತೆ ಕಾಣಲಿಲ್ಲ. ಅವರು ಪರದೆಯನ್ನೇ ನೋಡುತ್ತಿದ್ದರು.

“ನಿಂತ್ಕೊಂಡೇ ಇದ್ದೀಯಲ್ಲಪ್ಪ. ಹಿಂದೆ ಕುರ್ಚಿ ಐತೆ, ಕೂತ್ಕೊ.”

“ಇರ್ಲಿ ಬಿಡಮ್ಮ.”

“ಕೂತ್ಕೊಳಪ್ಪ, ಕಾಲು ನೋಯ್ತವೆ.”

“ಆಗಲ್ಲ ಕಣಮ್ಮ.”

ಮುನಿತಾಯಮ್ಮ ಬಹಳ ಮೆಲ್ಲಗೆ ಕೇಳಿದರು. “ಯಾವತ್ತು?”

“ಮೊನ್ನೆ. ಔಷಧಿ ಹಚ್ಚವ್ರೆ. ವಾಸಿ ಆಯ್ತದೆ.”

ಅವರು ಅಳಲಿಲ್ಲ. ಮೇಜು ಹಿಡಿದು, ಮಂಡಿ ನೋವಿಗೆ ಹಲ್ಲು ಕಚ್ಚಿ ಎದ್ದು ನಿಂತರು. ಹಸು ಕರು ಹಾಕಿದ್ದು, ಹಿಂದಿನ ವಾರ ಮಳೆ ಬಂದದ್ದು, ಎಲ್ಲವನ್ನೂ ನಿಂತೇ ಮಗನಿಗೆ ಹೇಳಿದರು. ಕರೆ ಕಡಿದುಹೋದ ಮೇಲೂ ಹಾಗೇ ನಿಂತಿದ್ದರು.

“ಕೂತ್ಕೊ ದೊಡ್ಡಮ್ಮ,” ಎಂದೆ.

“ನೀನು ಕೂತ್ಕೊಳಮ್ಮ,” ಎಂದರು. “ನಂಗೂ ಆಗಲ್ಲ.”