ರೆಕ್ಸಿನ್ ಕವರ್ ತೊಟ್ಟ ಆಂಪ್ಲಿಫೈಯರ್

ಠಾಣೆ ಶಹರದ ಘೋಡಬಂದರ್ ರಸ್ತೆಯ ಆ ಎತ್ತರದ ಕಟ್ಟಡದ ಮನೆಯಲ್ಲಿ ಹೊದಿಕೆ ಇಲ್ಲದ ವಸ್ತು ಅಂತ ಒಂದೂ ಇರಲಿಲ್ಲ. ಫ್ರಿಜ್ಜಿಗೆ ಕವರು, ವಾಷಿಂಗ್ ಮೆಷೀನಿಗೆ ಕವರು, ಸೋಫಾಕ್ಕೆ ಕವರು, ಆ ಕವರು ಕೊಳೆಯಾಗದಿರಲಿ ಅಂತ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಟಿವಿ ರಿಮೋಟನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಗಿಟಾರ್ ಮಾಸ್ತರ ವಸಂತಕುಮಾರ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು, ಠಾಣೆಯಲ್ಲಿಳಿದು, ಬಸ್ಸಿನಲ್ಲಿ ಜೋತುಬಿದ್ದು ಬಂದು ಆ ಸೋಫಾದ ಮೇಲೆ ಕೂತಾಗಲೆಲ್ಲ ಕೆಳಗೆ ಪ್ಲಾಸ್ಟಿಕ್ ಪರಪರ ಅನ್ನುತ್ತಿತ್ತು. ಇವರು ಹೆಣವನ್ನೂ ಕವರು ಹಾಕಿಯೇ ಸುಡುವ ಮಂದಿ ಅಂತ ಅವನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ.

ಬೈದುಕೊಂಡರೂ ವಾರಕ್ಕೆರಡು ಸಲ ತಪ್ಪದೆ ಬರುತ್ತಿದ್ದ. ಮೂಲೆಯಲ್ಲಿದ್ದ ಆಂಪ್ಲಿಫೈಯರಿಗಾಗಿ.

ಅದು ವಾಲ್ವಿನ ಆಂಪ್ಲಿಫೈಯರ್. ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು ಉಕ್ಕಿನ ತಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ಕೈ ಸುಡದಿರಲಿ ಅಂತ ಅವುಗಳ ಮೇಲೊಂದು ತಂತಿಯ ಜಾಲರಿ. ಕೆಳಗೆ ಸಾಗುವಾನಿಯ ಸ್ಪೀಕರ್ ಪೆಟ್ಟಿಗೆ. ರಬಾಳೆಯ ಫ್ಯಾಕ್ಟರಿಗಳ ನಡುವೆ ಒಂದು ಸಣ್ಣ ಕೋಣೆ ಹಿಡಿದು ಕೂತ ಒಬ್ಬ ಹುಚ್ಚ ಇಂಥವನ್ನು ಒಂದೊಂದಾಗಿ ಕೈಯಲ್ಲೇ ಕಟ್ಟುತ್ತಿದ್ದನಂತೆ. ಮಗಳು ಪ್ರಣೀತಾ ಗಿಟಾರ್ ಕಲಿಯುತ್ತೇನೆ ಅಂದದ್ದೇ ತಡ, ಠಾಣೆಯಲ್ಲಿ ಎರಡು ಹೋಟೆಲು ನಡೆಸುವ ದಯಾನಂದ ಅದನ್ನು ಹೊತ್ತು ತಂದಿದ್ದ. ಬಂದ ನೆಂಟರಿಗೆಲ್ಲ ಇದು ಬುಟೀಕ್ ಪೀಸು, ಅಂಗಡಿಯಲ್ಲಿ ಸಿಗುವುದಲ್ಲ ಅನ್ನುತ್ತಿದ್ದ. ಅವನ ಹೆಂಡತಿ ಹರಿಣಾಕ್ಷಿ ಅದಕ್ಕೂ ಕೆಂಪು ರೆಕ್ಸಿನ್ನಿನ ಕವರು ಹೊಲಿದಿದ್ದಳು. ಅಂಚಿಗೆ ಬಿಳಿ ಲೇಸು, ನಾಬುಗಳು ಹೊರಬರಲು ದುಂಡಗೆ ಕತ್ತರಿಸಿದ ತೂತು, ಮೇಲೆ ಪ್ಲಾಸ್ಟಿಕ್ ಗುಲಾಬಿಯ ಹೂದಾನಿ.

ಹುಡುಗಿಗೆ ಗಿಟಾರಿನಲ್ಲಿ ಇದ್ದ ಆಸಕ್ತಿ ಹೂದಾನಿಯ ಗುಲಾಬಿಗೆ ಇದ್ದಷ್ಟೇ. ಮಾಸ್ತರ ಕನ್ನಡದಲ್ಲಿ ಹೇಳಿದ್ದನ್ನು ಹಿಂದಿಯಲ್ಲಿ ತಿರುಗಿ ಕೇಳುತ್ತ, ನಡುನಡುವೆ ಮೊಬೈಲು ನೋಡುತ್ತ ಗಂಟೆ ಕಳೆಯುತ್ತಿದ್ದಳು. ವಾಲ್ಯೂಮ್ ನಾಬು ಒಂದರ ಗೆರೆ ದಾಟುವಂತಿರಲಿಲ್ಲ. ದಾಟಿದರೆ ಒಳಗಿನಿಂದ ದಯಾನಂದ ಬರುತ್ತಿದ್ದ: ಕೆಳಗಿನ ಮನೆಯವರು ಬಿಲ್ಡಿಂಗ್ ಸೊಸೈಟಿಗೆ ಕಂಪ್ಲೇಂಟ್ ಕೊಡ್ತಾರೆ, ಮೆಲ್ಲಗೆ ಮಾರಾಯ್ರೆ. ಒಂದರಲ್ಲಿಟ್ಟರೆ ಆ ವಾಲ್ವುಗಳಿಗೆ ಎಚ್ಚರವೂ ಆಗುವುದಿಲ್ಲ. ಹುಲಿಯನ್ನು ತಂದು ಗೋಡೆಯ ಗೂಡಿನಲ್ಲಿ ಕೂರಿಸಿ ಕುಂಕುಮದ ಭರಣಿಗೆ ಕಾವಲಿಟ್ಟ ಹಾಗೆ ಅಂತ ವಸಂತಕುಮಾರನ ಹೊಟ್ಟೆ ಉರಿಯುತ್ತಿತ್ತು.

ಉರಿಗೆ ಕಾರಣವಿತ್ತು. ಕಲಬುರಗಿ ಕಡೆಯಿಂದ ಅಪ್ಪನ ಜೊತೆ ಡೊಂಬಿವಲಿಯ ಪಕ್ಕದ ಕಲ್ಯಾಣಕ್ಕೆ ಬಂದ ಹೊಸದರಲ್ಲಿ, ರೇಲ್ವೆ ಕ್ವಾರ್ಟರ್ಸಿನ ಒಬ್ಬ ಮುದುಕ ಇಂಥದೇ ವಾಲ್ವಿನ ಪೆಟ್ಟಿಗೆಯಲ್ಲಿ ಗಿಟಾರ್ ನುಡಿಸುವುದನ್ನು ಅವನು ಕಿಟಕಿಯ ಹೊರಗೆ ನಿಂತು ಕೇಳಿದ್ದ. ಅದನ್ನು ಕೇಳಿಯೇ ಗಿಟಾರ್ ಹಿಡಿದದ್ದು. ಆಮೇಲೆ ಅರ್ಧ ಆಯುಷ್ಯ ಮದುವೆ ಹಾಲ್‌ಗಳ ಆರ್ಕೆಸ್ಟ್ರಾದಲ್ಲಿ ಕಳೆಯಿತು. ಅಲ್ಲಿನ ಡಬ್ಬಾ ಆಂಪ್ಲಿಫೈಯರುಗಳಲ್ಲಿ ಏನು ನುಡಿಸಿದರೂ ತಗಡಿನೊಳಗೆ ಕಣಜದ ಹುಳ ಸಿಕ್ಕಿಕೊಂಡ ಸದ್ದು. ತನ್ನ ಕೈಯ ನಿಜವಾದ ದನಿ ಹೇಗಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಒಂದೇ ಒಂದು ಸಲ ಆ ಪೆಟ್ಟಿಗೆಯನ್ನು ಪೂರ್ತಿ ತೆರೆದು, ನಾಲ್ಕು ಮಂದಿಯ ಎದುರು ನುಡಿಸಬೇಕು. ಅಷ್ಟಕ್ಕಾಗಿ ಈ ಕವರುಮನೆಯ ತಣ್ಣಗಿನ ಚಹಾ ಕುಡಿಯುತ್ತಿದ್ದ.

ನವರಾತ್ರಿಗೆ ಅದೃಷ್ಟ ಒದಗಿತು. ಆಯುಧಪೂಜೆಯ ಸಂಜೆ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಕಾರ್ಯಕ್ರಮ. ಕಮಿಟಿಯಲ್ಲಿದ್ದ ದಯಾನಂದ ಮಗಳದು ಎರಡು ಹಾಡು, ಮಾಷ್ಟ್ರದು ಕಡೆಗೊಂದು ಅಂತ ಬರೆಸಿದ. ಆ ದಿನ ಎಷ್ಟು ಜೋರು ಬೇಕಾದರೂ ಇಡಬಹುದು, ಕಂಪ್ಲೇಂಟ್ ಕೊಡುವವರೇ ಕಾರ್ಯಕ್ರಮ ಮಾಡುವವರು.

ಮಧ್ಯಾಹ್ನವೇ ವಸಂತಕುಮಾರ ಆಂಪ್ಲಿಫೈಯರನ್ನು ಲಿಫ್ಟಿನಲ್ಲಿ ಇಳಿಸಿಕೊಂಡು ಬಂದ. ಹಿಂದೆಯೇ ಹರಿಣಾಕ್ಷಿ ಕವರನ್ನು ಸರಿಮಾಡುತ್ತ ಬಂದಳು.

"ಕವರ್ ಇರ್ಲಿ ಮಾಷ್ಟ್ರೆ. ಮೇಲಿಂದ ಏನಾದ್ರೂ ಬಿದ್ರೆ?"

"ಅಕ್ಕಾರ, ಇದು ಉಪ್ಪಿನಕಾಯಿ ಭರಣಿ ಅಲ್ರೀ, ಬಾಯಿ ಕಟ್ಟಿ ಇಡ್ಲಿಕ್ಕೆ. ಇದಕ್ಕ ಉಸಿರಾಡೂದು ಬೇಕು."

ಅಂದವನೇ ರೆಕ್ಸಿನ್ ಕಿತ್ತು, ಮುದ್ದೆ ಮಾಡಿ ಸ್ಟೇಜಿನ ಮೂಲೆಗೆ ಎಸೆದ. ಅವಳ ಮುಖ ಸಣ್ಣದಾಯಿತು. ಅವನು ನೋಡಲಿಲ್ಲ.

ಸ್ವಿಚ್ ಹಾಕಿದ. ವಾಲ್ವುಗಳು ನಿಧಾನ ಕೆಂಪೇರಿದವು. ಬಿಸಿ ಧೂಳಿನ ವಾಸನೆ ಎದ್ದಿತು. ನಾಬನ್ನು ಒಂದರಿಂದ ಎಂಟಕ್ಕೆ ತಿರುಗಿಸಿದ.

ಮೆಲ್ಲಗೆ ಮೀಟಿದ. ಹಿತ್ತಾಳೆ ಚೊಂಬಿನ ಅಂಚಿಗೆ ಉಗುರು ತಾಗಿಸಿದಂಥ ತಿಳಿ ದನಿ. ಕೊಂಚ ಒತ್ತಿ ಮೀಟಿದ. ಅದೇ ಸ್ವರದ ಅಂಚು ಹರಿದು, ರಾತ್ರಿಯಿಡೀ ಭಜನೆ ಹೇಳಿದವನ ಗಂಟಲಿನ ಹಾಗೆ ಒರಟಾಯಿತು. ಬೆರಳು ಸಡಿಲಿಸಿದರೆ ಮತ್ತೆ ತಿಳಿ. ನಾಬು ಮುಟ್ಟುವ ಕೆಲಸವೇ ಇಲ್ಲ, ಎಲ್ಲ ಬೆರಳಿನ ಭಾರದಲ್ಲಿ. ತಂತಿಯೇ ತಿರುಗಿ ತನ್ನ ಬೆರಳನ್ನು ಒತ್ತುತ್ತಿದೆ ಅನ್ನಿಸಿತು. ಒಂದು ಸ್ವರ ಹಿಡಿದು ನಿಂತ. ಅದು ಸಾಯಲಿಲ್ಲ, ಉಬ್ಬಿತು, ಪ್ಯಾಂಟಿನ ಬಟ್ಟೆಯನ್ನು ಅದುರಿಸಿತು, ಹೊಟ್ಟೆಯೊಳಗೆ ಹೋಗಿ ಕೂತಿತು. ಇದು ನನ್ನ ಕೈ ಅಂತ ಅವನಿಗೆ ಮೊದಲ ಸಲ ಗೊತ್ತಾಯಿತು. ಕುರ್ಚಿ ಜೋಡಿಸುತ್ತಿದ್ದವನೊಬ್ಬ ಜನರೇಟರ್ ಚಾಲೂ ಆಯಿತೇ ಅಂತ ಕೇಳಿದ. ಕತ್ತೆಗಳು. ಸಂಜೆ ಕೇಳಿಸುತ್ತೇನೆ, ಇರಿ.

ತಣ್ಣಗಾಗದಿರಲಿ ಅಂತ ಅವನು ಅದನ್ನು ಆರಿಸದೆ ಹಾಗೇ ಬಿಟ್ಟ.

ಜನ ಸೇರುವ ಹೊತ್ತಿಗೆ ಹರಿಣಾಕ್ಷಿ ರೇಷ್ಮೆ ಸೀರೆಯುಟ್ಟು ತಟ್ಟೆ ಹಿಡಿದು ಬಂದಳು. ಬೆಳಿಗ್ಗೆ ಹೋಟೆಲಿನ ಗ್ರೈಂಡರು, ಗಲ್ಲಾಪೆಟ್ಟಿಗೆ, ಕಾರು, ಸ್ಕೂಟರು ಎಲ್ಲಕ್ಕೂ ಪೂಜೆ ಆಗಿತ್ತು, ಇದೊಂದು ಉಳಿದಿತ್ತು. ಮಾಡಿಕೊಳ್ಳಲಿ ನಾಟಕ ಅಂದುಕೊಂಡು ವಸಂತಕುಮಾರ ಬೇಕೆಂದೇ ಬೆನ್ನು ತಿರುಗಿಸಿ ನಿಂತು ತಂತಿ ಶ್ರುತಿ ಮಾಡತೊಡಗಿದ. ಅವಳು ಪೆಟ್ಟಿಗೆಗೆ ಕುಂಕುಮವಿಟ್ಟಳು, ಸೇವಂತಿಗೆ ಏರಿಸಿದಳು, ಆರತಿ ಎತ್ತಿದಳು. ಕೊನೆಗೆ ಮಾವಿನೆಲೆಯನ್ನು ತಂಬಿಗೆಯಲ್ಲಿ ಅದ್ದಿ, ಗ್ರೈಂಡರಿಗೆ ಮಾಡಿದಂತೆಯೇ, ಮೇಲಿನಿಂದ ನೀರು ಚಿಮುಕಿಸಿದಳು.

ಟಿಕ್ ಅಂತು. ಅಷ್ಟೇ ಸದ್ದು.

ಅವನು ತಿರುಗಿ ನೋಡುವಷ್ಟರಲ್ಲಿ ದೊಡ್ಡ ವಾಲ್ವಿನ ಗಾಜು ಸೀಳಿತ್ತು. ಅದರ ನೆತ್ತಿಯೊಳಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಲೇಪ ಅವನ ಕಣ್ಣೆದುರೇ ಹಾಲಿನ ಹಾಗೆ ಬಿಳಿಚಿಕೊಂಡಿತು. ಗಾಳಿ ಹೊಕ್ಕ ವಾಲ್ವಿಗೆ ಮತ್ತೆ ಜೀವವಿಲ್ಲ. ಸ್ವಿಚ್ ಆರಿಸಿ, ಅದನ್ನು ಕಟ್ಟಿದ ರಬಾಳೆಯವನಿಗೆ ಫೋನ್ ಮಾಡಿದ. ಅವನು ಎತ್ತಲಿಲ್ಲ, ಅವನಿಗೂ ಹಬ್ಬ. ವಸಂತಕುಮಾರನ ಬಾಯಿಗೆ ಊರ ಬೈಗುಳಗಳೆಲ್ಲ ಒಟ್ಟಿಗೆ ನುಗ್ಗಿ ಬಂದವು. ಅಷ್ಟರಲ್ಲಿ ಹರಿಣಾಕ್ಷಿ, ತಂಬಿಗೆ ಹಿಡಿದುಕೊಂಡೇ, ಸಣ್ಣ ದನಿಯಲ್ಲಿ ಹೇಳಿದಳು:

"ಕವರ್ ಇದ್ದಿದ್ರೆ ನೀರು ಜಾರಿ ಹೋಗ್ತಿತ್ತಲ್ಲ, ಮಾಷ್ಟ್ರೆ."

ವಸಂತಕುಮಾರ ಬಾಗಿ ಗಿಟಾರಿನ ವೈರನ್ನು ಪೆಟ್ಟಿಗೆಯಿಂದ ಕಿತ್ತ.

ಸೊಸೈಟಿಯ ಭಜನೆಯ ಮೈಕ್ ಸೆಟ್ಟಿಗೆ ಗಿಟಾರ್ ಸಿಕ್ಕಿಸಿ ಕಾರ್ಯಕ್ರಮ ಮುಗಿಸಿದರು. ವಸಂತಕುಮಾರ ನುಡಿಸಿದ, ತಗಡಿನ ಕಣಜ ಗುಂಯ್‌ಗುಟ್ಟಿತು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬ ಸೀಟಿಯನ್ನೂ ಹೊಡೆದ. ದಯಾನಂದ ಶಾಲು ಹೊದಿಸಿ, ಕಿವಿಯ ಬಳಿ ಬಾಗಿ, ತನಗೇನೂ ಫರಕು ಗೊತ್ತಾಗಲಿಲ್ಲ, ಇದೇ ಸಾಕಿತ್ತು ಅಂದ. ಶಾಲಿನ ಪ್ಲಾಸ್ಟಿಕ್ ಕೊಟ್ಟೆ ಇನ್ನೂ ಅದರ ಮೇಲೇ ಇತ್ತು.

ಜನ ಊಟಕ್ಕೆ ನುಗ್ಗಿದ ಮೇಲೆ ಪ್ರಣೀತಾ ಮೊಬೈಲು ಹಿಡಿದು ಬಂದಳು. ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿದ್ದಳಂತೆ.

"ಸರ್, ಮೈನೇ ರೆಕಾರ್ಡ್ ಕಿಯಾ ಥಾ. ಸುನೋ ನಾ."

ಅವನ ಕಿವಿಗೇ ಹಿಡಿದಳು. ಉಬ್ಬಿದ ಆ ಸ್ವರ, ಹೊಟ್ಟೆಯೊಳಗೆ ಕೂತ ಆ ಸ್ವರ, ಮೊಬೈಲಿನ ತೂತಿನಿಂದ ಕಣಜದ ಹಾಗೆ ಹೊರಬಂತು. ಹುಡುಗಿ ಕಣ್ಣರಳಿಸಿ ಕಾಯುತ್ತಿದ್ದಳು. ಅವನು ಚಲೋ ಐತಿ ಅಂದ. ಆ ಮನೆಯವರಿಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಆಮೇಲೆ ಸ್ಟೇಜಿನ ಮೂಲೆಗೆ ಹೋಗಿ ಮುದ್ದೆಯಾಗಿ ಬಿದ್ದಿದ್ದ ರೆಕ್ಸಿನ್ ಎತ್ತಿಕೊಂಡ. ಕೊಡವಿದ. ತಣ್ಣಗಾಗಿದ್ದ ಪೆಟ್ಟಿಗೆಗೆ ತೊಡಿಸಿ, ಲೇಸು ಎಳೆದು ನೇರ ಮಾಡಿದ. ನಾಬುಗಳು ತೂತುಗಳಿಂದ ಒಂದೊಂದಾಗಿ ತಲೆ ಹೊರಹಾಕಿದವು. ಎಲ್ಲೂ ಒಂದು ನೂಲು ಸಡಿಲವಿರಲಿಲ್ಲ. ಆ ಹೆಂಗಸಿನ ಅಳತೆ ಸರಿಯಾಗಿಯೇ ಇತ್ತು.