ಅವಾಚ್ಯ

"ಅವಾಚ್ಯ ಶಬ್ದಗಳಿಂದ ಬೈದ ಅಂತಾಳೆ, ಸ್ವಾಮಿ," ಎಂದರು ಶಿವರುದ್ರಮ್ಮ.

ಸಾಕ್ಷಿ ಕಟಕಟೆಯಲ್ಲಿದ್ದ ಓಬಳಮ್ಮ ತೆಲುಗಿನಲ್ಲಿ ಹೇಳಿದ್ದು ಅಷ್ಟು ಚಿಕ್ಕದಾಗಿರಲಿಲ್ಲ. ಬೆಳ್ಳಾವಿ ಕಡೆಯ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ ವೆಂಕಟಯ್ಯ ತನ್ನ ಜಾತಿ ಹಿಡಿದು, ಹೆತ್ತವಳನ್ನು ಎಳೆದು, ಹದಿನಾಲ್ಕು ವರ್ಷದ ಮಗಳನ್ನೂ ಸೇರಿಸಿ ಏನೇನು ಅಂದನೋ ಅದನ್ನೆಲ್ಲ ತಡವರಿಸದೆ ಹೇಳಿದ್ದಳು. ವೆಂಕಟಯ್ಯ ಎದುರಿಗೇ ಕೈಕಟ್ಟಿ ನಿಂತಿದ್ದ.

ಶಿವರುದ್ರಮ್ಮ ಪಾವಗಡದಲ್ಲಿ ಹುಟ್ಟಿ, ಶೆಟ್ಟಿಹಳ್ಳಿಯಲ್ಲಿ ನೆಲೆಸಿದ ನಿವೃತ್ತ ಉಪಾಧ್ಯಾಯಿನಿ. ತೆಲುಗಿನ ಸಾಕ್ಷಿ ಬಂದರೆ ತುಮಕೂರಿನ ಕೋರ್ಟಿನವರು ಅವರನ್ನೇ ಕರೆಸುತ್ತಿದ್ದರು. ಇದುವರೆಗೆ ಬಂದದ್ದು ಜಮೀನಿನ ಎಲ್ಲೆ, ಅಣ್ಣತಮ್ಮಂದಿರ ಭಾಗ, ಇಂಥವೇ.

ಸರ್ಕಾರಿ ವಕೀಲ ಸದಾಶಿವಯ್ಯ ಎದ್ದರು. "ಏನಂತ ಬೈದ ಅನ್ನೋದೇ ಬೇಕಮ್ಮ. ಆ ಮಾತು ರೆಕಾರ್ಡಿಗೆ ಬರದೇ ಇದ್ರೆ ಕೇಸ್ ನಿಲ್ಲಲ್ಲ."

"ಮೇಡಂ ಹೇಳಿದ್ದೇ ಬರ್ಕೊಳ್ಳಿ ಸ್ವಾಮಿ," ಎಂದು ಮೇಸ್ತ್ರಿಯ ಕಡೆಯ ವಕೀಲ ನಾಗಭೂಷಣ್ ನಕ್ಕರು. "ಮರ್ಯಾದಸ್ಥರ ಬಾಯಲ್ಲಿ ಅದೆಲ್ಲ ಯಾಕೆ?"

"ಪೊಲೀಸಿನವರೂ ಹಾಗೇ ಬರ್ದಿದಾರಲ್ಲ ಸ್ವಾಮಿ," ಎಂದರು ಶಿವರುದ್ರಮ್ಮ.

"ಅದಕ್ಕೇ ಕೇಳ್ತಿರೋದು," ಎಂದರು ನ್ಯಾಯಾಧೀಶರು. "ಆಕೆ ಹೇಳಿದ ಹಾಗೇ ಹೇಳಿ. 'ಅಂತಾಳೆ' ಅನ್ನೋದೂ ಬೇಡ, 'ನಾನು' ಅಂತಲೇ ಹೇಳಿ."

ಶಿವರುದ್ರಮ್ಮ ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡರು. ಕನ್ನಡ ಬಾರದ ಓಬಳಮ್ಮನಿಗೆ ಅಷ್ಟರಲ್ಲಿ ಏನೋ ಹೊಳೆದಿತ್ತು. ಅವಳು ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು.

"ಅಮ್ಮಾ, ನಾನು ಅಷ್ಟುದ್ದ ಹೇಳ್ದೆ. ನೀವು ಒಂದೇ ಉಸಿರಿಗೆ ಮುಗಿಸಿಬುಟ್ರಲ್ಲ?"

"ಅದನ್ನ ನನ್ನ ಬಾಯಲ್ಲಿ ಆಡೋಕಾಗಲ್ಲ ಕಣಮ್ಮ."

"ನನ್ನ ಮಗಳು ಕಿವೀಲಿ ಕೇಳವ್ಳೆ. ಕೇಸು ಬಿದ್ದೋದ್ರೆ ನಾಳೆ ಗೂಡಿನ ಹತ್ರ ಮತ್ತೆ ಕೇಳ್ತಾಳೆ."

"ಸಾಕ್ಷಿ ಜೊತೆ ಏನದು ಮಾತು?" ಎಂದರು ನಾಗಭೂಷಣ್.

ಶಿವರುದ್ರಮ್ಮ ಕಟಕಟೆಯ ಮರವನ್ನು ಹಿಡಿದುಕೊಂಡರು. ಯಾರ ಮುಖವನ್ನೂ ನೋಡದೆ ಶುರುಮಾಡಿದರು. ನನ್ನ ಜಾತಿ ಎಂದರು. ನನ್ನ ತಾಯಿ ಎಂದರು. ನನ್ನ ಮಗಳು ಎಂದರು. ಒಂದೊಂದರ ಜೊತೆಗೂ ಬರಬೇಕಾದ ಮಾತು ಬಂತು. ಒಂದನ್ನೂ ಅವರು ನುಂಗಲಿಲ್ಲ. ನಾಲ್ಕನೆಯ ಮಾತಿಗೆ ಟೈಪಿಸ್ಟನ ಕೈ ನಿಂತಿತು.

"ಹೊಡೀರಿ," ಎಂದರು ನ್ಯಾಯಾಧೀಶರು.

ಮೆಷಿನ್ನಿನ ಸದ್ದು ಮತ್ತೆ ಹೊರಟಿತು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ವೆಂಕಟಯ್ಯ ಕಟ್ಟಿದ ಕೈ ಬಿಟ್ಟ.

ಹೇಳಿಕೆಯ ಕೊನೆಯಲ್ಲಿ ಓಬಳಮ್ಮ ಹೆಬ್ಬೆಟ್ಟು ಒತ್ತಿ, ಉಳಿದ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಆ ಹೆಬ್ಬೆಟ್ಟಿನ ಗುರುತಿನ ಕೆಳಗೆ ಭಾಷಾಂತರ ಮಾಡಿದವರ ಸಹಿ ಆಗಬೇಕಿತ್ತು. ಆ ಮಾತುಗಳಿದ್ದ ಸಾಲಿಗೂ ಸಹಿಯ ಜಾಗಕ್ಕೂ ಎರಡು ಬೆರಳಿನ ಅಂತರ. ಶಿವರುದ್ರಮ್ಮ ಕನ್ನಡಕ ಏರಿಸಿಕೊಂಡು, ಗಂಡನ ಮನೆತನದ ಹೆಸರನ್ನೂ ಸೇರಿಸಿ, ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು.