ನಾಲ್ಕನೇ ಕೋರ್ಟಿನ ಗೇಟು

ನಮ್ಮ ದೊಡ್ಡಮ್ಮನ ಚಹಾ ಅಂಗಡಿಗೆ ಬಾಗಿಲು ಇರಲಿಲ್ಲ. ಗೋಡೆಯೂ ಸ್ವಂತದ್ದಲ್ಲ, ಕೋರ್ಟಿನದು. ನಾಲ್ಕು ಕಂಬ, ಒಂದು ತಗಡು, ಎರಡು ಬೆಂಚು, ಒಂದು ಸ್ಟವ್. ಇಷ್ಟನ್ನು ಕೋರ್ಟಿನ ಕಾಂಪೌಂಡಿಗೆ ಒರಗಿಸಿಕೊಂಡು ಅವಳು ಇಪ್ಪತ್ತು ವರ್ಷ ನಡೆಸಿದ್ದಳು. ಈಗ ಕೋರ್ಟೇ ಜಾಗ ಬಿಡುತ್ತಿತ್ತು. ಶನಿವಾರ ಹಳೇ ಕಟ್ಟಡಕ್ಕೆ ಬೀಗ, ಸೋಮವಾರ ನಮ್ಮ ಮನೆಯ ಹಿಂದಿನ ಹೊಸ ಕಟ್ಟಡದಲ್ಲಿ ಮೊದಲ ಕೇಸು.

ಊರಿಗೆಲ್ಲ ಒಂದೇ ಪ್ರಶ್ನೆ: ಹೊಸ ಕೋರ್ಟಿನ ಗೇಟು ಯಾವ ಕಡೆ?

ಕೇಳಿದರೆ ಆಗುತ್ತಿತ್ತಲ್ಲ ಅನ್ನಬಹುದು. ಕೇಳಿದೆವು. ಸುತ್ತಲೂ ಎರಡಾಳೆತ್ತರ ತಗಡು ಹೊಡೆದಿದ್ದರಿಂದ ಒಳಗೇನೂ ಕಾಣುತ್ತಿರಲಿಲ್ಲ. ಇಂಜಿನಿಯರು, ‘ಪ್ಲಾನು ಮೂರು ಸಲ ಬದಲಾಗಿದೆ, ನನ್ನ ಬಾಯಿ ಬಿಡಿಸಬೇಡಿ’ ಅಂದ. ಮೇಸ್ತ್ರಿ ಮೂಡಣಕ್ಕೆ ಅಂದ. ಕಾವಲುಗಾರ ತೆಂಕಣಕ್ಕೆ ಅಂದ, ಮರುದಿನ ಬಡಗಣಕ್ಕೆ ಅಂದ. ಅವನಿಗೆ ಎರಡು ದಿನವೂ ಪುಕ್ಕಟೆ ಚಹಾ ಸಿಕ್ಕಿತ್ತು.

ದೊಡ್ಡಮ್ಮನಿಗೆ ಇವರ್‍ಯಾರೂ ಬೇಕಿರಲಿಲ್ಲ. ಅವಳ ಬಳಿ ಮನೆತನದ ಲೆಕ್ಕಾಚಾರವಿತ್ತು. ಮೂರು ಕೋರ್ಟುಗಳ ಎದುರು ಚಹಾ ಕಾಸಿ ಕಲಿತದ್ದು.

ಮೊದಲ ಕೋರ್ಟು ಬಾಡಿಗೆಯ ಉಗ್ರಾಣ. ವಕೀಲರು ವಾದಿಸುವಾಗ ತೊಲೆಯ ಮೇಲೆ ಇಲಿಗಳು ಓಡಾಡುತ್ತಿದ್ದವಂತೆ. ಇದ್ದದ್ದು ಒಂದೇ ಬಾಗಿಲು, ಪಡುವಣಕ್ಕೆ. ಮುತ್ತಜ್ಜ ಅದರೆದುರಿಗೇ ಒಲೆ ಹೂಡಿದ. ಜಡ್ಜು ಬಾಗಿಲಿಗೆ ಮುಖ ಮಾಡಿ ಕೂತರು. ಮಧ್ಯಾಹ್ನವಾದರೆ ಬಿಸಿಲು ನೇರ ಅವರ ಕಣ್ಣಿಗೆ. ಎದುರು ನಿಂತ ಸಾಕ್ಷಿ ಗಂಡಸೋ ಹೆಂಗಸೋ ತಿಳಿಯದು. ಒಂದು ವಾರ ಸಹಿಸಿದರು. ಆಮೇಲೆ ಆ ಬಾಗಿಲಿಗೆ ಇಟ್ಟಿಗೆ ಹಾಕಿಸಿ, ಮೂಡಣ ಗೋಡೆಯಲ್ಲಿ ಬಾಗಿಲು ಒಡೆಸಿ, ಕುರ್ಚಿ ತಿರುಗಿಸಿಕೊಂಡರು. ಮುತ್ತಜ್ಜನ ಎದುರಿಗೆ ಉಳಿದದ್ದು ಇಟ್ಟಿಗೆ. ಪಾತ್ರೆ ಹೊತ್ತುಕೊಂಡು ಸುತ್ತಿ ಬರುವಷ್ಟರಲ್ಲಿ ಆ ಕಡೆ ಇನ್ನೊಬ್ಬ ಬೆಂಚು ಹಾಕಿಯಾಗಿತ್ತು.

ಎರಡನೆಯದು ಮರದ ಉಪ್ಪರಿಗೆ. ಮೇಲೆ ಗುಮಾಸ್ತ ನಡೆದರೆ ಕೆಳಗೆ ಜಡ್ಜರ ಶಾಯಿಗೆ ಧೂಳು ಬೀಳುತ್ತಿತ್ತು. ಅದಿನ್ನೂ ಏಳುತ್ತಿದ್ದಾಗಲೇ ಅಜ್ಜ ಮೂಡಣಕ್ಕೆ ಅಂಗಡಿ ಹಾಕಿದ. ಬಾಗಿಲು ಅಲ್ಲಿಗೇ ಬಂತು. ಒಂದು ದೀಪ ಉರುಳಿ ಆ ಕಟ್ಟಡ ಸುಟ್ಟುಹೋದಾಗ ಅಜ್ಜ ಬೆಂಕಿಯೊಳಗಿಂದ ಒಂದು ಕಿಟಕಿ ಕಿತ್ತು ತಂದ. ಅದು ನಮ್ಮ ಅಡುಗೆಮನೆಯ ಹಿಂಗೋಡೆಗೆ ಕೂತಿತು, ಒಂದು ಅಂಚು ಕರ್ರಗೆ.

ಮೂರನೆಯದು, ಈಗ ಬೀಗ ಬೀಳಲಿದ್ದದ್ದು, ಕಲ್ಲಿನದು, ಮೇಲೆ ಗುಮ್ಮಟ. ನೆಲ ಸರಿಯಿರದೆ ಒಂದು ಮಗ್ಗುಲಿಗೆ ಕುಸಿಯಿತು. ಮೇಜಿನ ಮೇಲಿಟ್ಟ ಪೆನ್ಸಿಲು ತಾನಾಗಿ ಉರುಳುತ್ತಿತ್ತು. ತೀರ್ಪು ಯಾರ ಕಡೆಗೆಂದು ಪೆನ್ಸಿಲಿಗೆ ಮೊದಲೇ ಗೊತ್ತು ಎಂದು ವಕೀಲರು ನಗುತ್ತಿದ್ದರು. ಅದರ ಬಾಗಿಲೂ ಮೂಡಣಕ್ಕೆ.

‘ಜಡ್ಜರ ಬೆನ್ನು ಪಡುವಣಕ್ಕೆ, ಜನ ಬರೋದು ಮೂಡಣದಿಂದ. ಕಟ್ಟಡ ಬದಲಾಗುತ್ತೆ, ಸೂರ್ಯ ಬದಲಾಗ್ತಾನಾ?’ ಇದು ದೊಡ್ಡಮ್ಮನ ವಾದ. ಹೊಸ ಕೋರ್ಟಿನ ಮೂಡಣಕ್ಕೆ, ಒಂದು ಓಣಿ ದಾಟಿದರೆ, ನಮ್ಮ ಅಡುಗೆಮನೆಯ ಹಿಂಗೋಡೆ. ಅದನ್ನು ಒಡೆದು ಅಲ್ಲೇ ಅಂಗಡಿ ತೆರೆಯಬೇಕು, ಅದೂ ಭಾನುವಾರವೇ. ಕೋರ್ಟಿಗೆ ಬರುವವರು ಮೊದಲ ದಿನ ಯಾರ ಬೆಂಚಿನ ಮೇಲೆ ಕೂರುತ್ತಾರೋ ಕೇಸು ಮುಗಿಯುವವರೆಗೂ ಅಲ್ಲೇ ಕೂರುತ್ತಾರೆ. ಕೇಸು ಮುಗಿಯುವುದು ಯಾವಾಗ ಎಂದು ಎಲ್ಲರಿಗೂ ಗೊತ್ತು. ತಗಡು ಬಿಚ್ಚುವುದು ಸೋಮವಾರ ಬೆಳಿಗ್ಗೆ. ಆಗ ನೋಡಿಕೊಂಡು ಒಡೆಯುತ್ತೇನೆ ಎಂದರೆ ಮುತ್ತಜ್ಜನ ಕಥೆಯೇ.

ಜೆರಾಕ್ಸು ಅಂತ ಒಬ್ಬನಿದ್ದ. ಹಳೇ ಕೋರ್ಟಿನಲ್ಲಿ ನಮ್ಮ ಪಕ್ಕದಲ್ಲೇ ಮಿಷನ್ ಇಟ್ಟುಕೊಂಡಿದ್ದವನು. ಅವನು ತೆಂಕಣದ ರಸ್ತೆಗೆ ಮಿಷನ್ ಸಾಗಿಸಿಬಿಟ್ಟಿದ್ದ.

‘ಯಾವ ಆಧಾರದ ಮೇಲೆ ಹೋದೆಯೋ?’ ದೊಡ್ಡಮ್ಮ ಕೇಳಿದಳು.

‘ಅಲ್ಲಿ ನಮ್ಮ ಭಾವನ ಗ್ಯಾರೇಜಿದೆ, ಅಕ್ಕಾ.’

‘ಅದೊಂದು ಆಧಾರವಾ?’

‘ಕರೆಂಟಿದೆ, ಸೂರಿದೆ, ಇನ್ನೇನು ಬೇಕು? ನಿನ್ನ ಹಾಗೆ ಸೂರ್ಯನ ಜೊತೆ ನನಗೆ ಮಾತುಕತೆ ಇಲ್ಲಪ್ಪ.’

‘ಹೋಗು ಹೋಗು. ನಾಳಿದ್ದು ಮಿಷನ್ ತಲೆ ಮೇಲೆ ಹೊತ್ಕೊಂಡು ನನ್ನ ಬಾಗಿಲಿಗೇ ಬರ್ತೀಯ.’

ಭಾನುವಾರ ಬೆಳಿಗ್ಗೆ ಅಡುಗೆಮನೆ ಖಾಲಿಯಾಯಿತು. ದೊಡ್ಡಪ್ಪ ಬಸ್ ಕಂಡಕ್ಟರು. ವಾರಕ್ಕೊಂದೇ ರಜೆ, ಅದೂ ಹೀಗೆ ಹೋಯಿತೆಂದು ಸುತ್ತಿಗೆ ಹಿಡಿದು ನಿಂತಿದ್ದ.

‘ಲೇ, ಇನ್ನೊಂದು ಸಲ ಯೋಚನೆ ಮಾಡು. ಗೇಟು ಈ ಕಡೆ ಬರದಿದ್ರೆ?’

‘ರೀ, ಹೊಡೀತೀರೋ, ನಾನೇ ಹೊಡೀಲೋ?’

ಅವನ ಉತ್ತರಕ್ಕೂ ಕಾಯದೆ ಸುತ್ತಿಗೆ ಕಿತ್ತುಕೊಂಡು ಅವಳೇ ಹೊಡೆದಳು. ಮೊದಲ ಏಟಿಗೆ ಗಾರೆ ಉದುರಿತು, ಎರಡನೆಯದಕ್ಕೆ ಇಟ್ಟಿಗೆ ಅಲ್ಲಾಡಿತು. ಸಾಲುಮನೆಗಳವರೆಲ್ಲ ಓಣಿಗೆ ಬಂದು ನಿಂತರು. ನಾನು ಇಟ್ಟಿಗೆ ಹೊರುತ್ತಿದ್ದೆ, ಕೈ ತರಚಿ ಹೋಗಿತ್ತು, ಆದರೂ ನಿಲ್ಲಿಸಲು ಮನಸ್ಸಿರಲಿಲ್ಲ. ಗೋಡೆಯಲ್ಲಿ ಕೈ ಹಿಡಿಸುವಷ್ಟು ತೂತು ಬಿದ್ದು ಆಚೆಯ ಬೆಳಕು ಒಳಗೆ ಬಂದಾಗ ದೊಡ್ಡಪ್ಪನೇ ಕೂಗಿಕೊಂಡ, ‘ಬಂತು ಬಂತು ಬಂತು!’ ಆಮೇಲೆ ಅವನ ಕೈಯಿಂದ ಯಾರಿಗೂ ಸುತ್ತಿಗೆ ಸಿಗಲಿಲ್ಲ.

ನಡುಮನೆಯ ಮಂಚದ ಮೇಲಿಂದ ಅಜ್ಜಿ ಕೂಗುತ್ತಿದ್ದಳು, ‘ಕಿಟಕಿ ಜೋಪಾನ! ನಿಮ್ಮಪ್ಪ ಮೀಸೆ ಸುಟ್ಕೊಂಡು ತಂದದ್ದು ಅದು!’ ಕಿಟಕಿಯನ್ನು ಇಬ್ಬರು ಹಿಡಿದಿದ್ದರು. ಮೇಲಿನ ಸಾಲು ಒಟ್ಟಿಗೆ ಕುಸಿಯಿತು, ಇಬ್ಬರೂ ಕೈಬಿಟ್ಟು ಹಾರಿದರು. ಚೌಕಟ್ಟು ನಾಲ್ಕು ತುಂಡಾಗಿ, ಗೋಡೆಯ ಬುಡದ ನಿಂಬೆ ಗಿಡವನ್ನೂ ಮುರಿದುಕೊಂಡು ಬಿತ್ತು. ‘ಸುಟ್ಟ ಮರ, ಒಲೆಗಾಯ್ತು’ ಎಂದಳು ಅಜ್ಜಿ. ಕೆಲಸ ಮುಂದುವರಿಯಿತು. ಸಂಜೆಗೆ ಹಲಗೆ ಹಾಕಿ, ಬೆಂಚಿಟ್ಟು, ಲೋಟ ತೊಳೆದು ಸಾಲಾಗಿ ಬೋರಲು ಹಾಕಿದೆವು.

ಸೋಮವಾರ ಎಂಟಕ್ಕೆ ತಗಡು ಬಿಚ್ಚತೊಡಗಿದರು. ನಮ್ಮೆದುರಿನ ತಗಡು ಕೊನೆಗೆ, ಹತ್ತು ಗಂಟೆಗೆ ಬಿಚ್ಚಿದ್ದು. ದೊಡ್ಡಮ್ಮ ಸೆರಗು ಬಿಗಿದುಕೊಂಡು ಕೆಟಲ್ ಹಿಡಿದು ನಿಂತಿದ್ದಳು.

ತಗಡಿನ ಹಿಂದೆ ಗೋಡೆಯಿತ್ತು. ಹೊಸದಾಗಿ ಬಳಿದ, ನುಣ್ಣನೆಯ, ಉದ್ದಾನುದ್ದ ಗೋಡೆ. ಅದರ ಮೇಲೆ ಬರೆದಿತ್ತು: ಇಲ್ಲಿ ವಾಹನ ನಿಲ್ಲಿಸಬಾರದು.

ಗೇಟು ತೆಂಕಣಕ್ಕೆ ಬಂದಿತ್ತು, ಗ್ಯಾರೇಜಿನ ಎದುರಿಗೆ. ನಾನು ಓಡಿಹೋಗಿ ಒಳಗೆ ಇಣುಕಿ ಬಂದೆ. ಕೋರ್ಟ್ ಹಾಲಿಗೆ ಒಂದೂ ಕಿಟಕಿಯಿರಲಿಲ್ಲ. ಏಸಿ, ಟ್ಯೂಬ್‌ಲೈಟು, ದಪ್ಪ ಪರದೆ. ಜಡ್ಜರ ಕುರ್ಚಿ ಬಡಗಣ ಗೋಡೆಗೆ ಆನಿಸಿತ್ತು.

‘ಒಳಗೆ ಸೂರ್ಯನೇ ಇಲ್ಲ, ದೊಡ್ಡಮ್ಮ’ ಎಂದೆ.

ಅವಳು ಕೆಟಲ್ ಕೆಳಗಿಡಲಿಲ್ಲ. ‘ಇಲ್ದೆ ಎಲ್ಲಿಗೆ ಹೋಗ್ತಾನೆ?’ ಎಂದು ಗೋಡೆಯನ್ನೇ ನೋಡುತ್ತಿದ್ದಳು.

ಆಗ ಮುಂಬಾಗಿಲಿನಿಂದ ಒಬ್ಬ ಒಳಗೆ ನುಗ್ಗಿದ. ನಮ್ಮ ಮನೆಯ ಮುಂಭಾಗ ಬಸ್ ನಿಲ್ದಾಣದ ರಸ್ತೆಗಿದೆ. ಅಲ್ಲಿಂದ ಹೊಸ ಗೇಟಿಗೆ ಹೋಗಬೇಕೆಂದರೆ ಸಾಲುಮನೆ ಮುಗಿದು, ಶಾಲೆಯ ಮೈದಾನ ಸುತ್ತಿ ಬರಬೇಕು. ಇವನ ಬಸ್ಸು ತಡವಾಗಿತ್ತು. ರಸ್ತೆಯಿಂದಲೇ ನಮ್ಮ ತೆರೆದ ಬಾಗಿಲು, ನಡುಮನೆ, ಒಡೆದ ಗೋಡೆ, ಅದರಾಚೆ ಓಣಿ ಒಂದೇ ನೇರಕ್ಕೆ ಕಂಡಿವೆ. ಕಂಕುಳಲ್ಲಿ ಫೈಲು, ಕೈಯಲ್ಲಿ ಚಪ್ಪಲಿ. ‘ಅಮ್ಮಾ ತಪ್ಪು ತಿಳೀಬೇಡಿ, ಮೊದಲ ಕೇಸೇ ನಂದು!’ ಎನ್ನುತ್ತ ಅಜ್ಜಿಯ ಮಂಚ ಬಳಸಿ, ದೊಡ್ಡಮ್ಮನ ಬೆಂಚು ಹಾರಿ, ಓಣಿಯಲ್ಲಿ ಎಡಕ್ಕೆ ತಿರುಗಿ ಮಾಯವಾದ.

ಹಿಂದೆಯೇ ಇಬ್ಬರು ಬಂದರು. ಆಮೇಲೆ ಒಂದಿಡೀ ಬಸ್ಸು.

ಗಂಡ, ಹೆಂಡತಿ, ಇಬ್ಬರಿಗೂ ಬೇರೆ ಬೇರೆ ವಕೀಲರು. ಜಮೀನಿನ ಜಗಳದ ಅಣ್ಣತಮ್ಮಂದಿರು, ಒಬ್ಬರ ಮುಖ ಒಬ್ಬರು ನೋಡದೆ, ಭುಜಕ್ಕೆ ಭುಜ ತಾಗಿಸಿಕೊಂಡು. ಊರುಗೋಲಿನ ಸಾಕ್ಷಿ. ಕಪ್ಪು ಕೋಟಿನವರು. ಲೋಟಗಳು ಉರುಳಿ ಒಡೆದವು. ಡ್ಯೂಟಿಗೆ ಹೊರಟಿದ್ದ ದೊಡ್ಡಪ್ಪ ಬ್ಯಾಗು ನೇತುಹಾಕಿಕೊಂಡೇ ನಡುಮನೆಯಲ್ಲಿ ನಿಂತುಬಿಟ್ಟ. ‘ಮುಂದೆ ಹೋಗಿ, ಮುಂದೆ ಹೋಗಿ! ಅಡುಗೆಮನೆ ಖಾಲಿ ಇದೆ, ಮುಂದೆ ಹೋಗಿ!’

‘ಏನು ಕೇಸಪ್ಪಾ?’ ಅಜ್ಜಿ ಓಡುವವರನ್ನೆಲ್ಲ ಕೇಳುತ್ತಿದ್ದಳು. ‘ಬರುವಾಗ ಹೇಳಿ ಹೋಗು!’

ದೊಡ್ಡಮ್ಮ ಒಬ್ಬನ ತೋಳು ಹಿಡಿದಳು. ‘ಚಹಾ ಕುಡಿಯಪ್ಪಾ.’

‘ಈಗ ಬೇಡಕ್ಕಾ, ಹೆಸರು ಕೂಗಿಬಿಟ್ರೆ ಕೆಟ್ಟೆ!’

ಹನ್ನೊಂದಕ್ಕೆ ಕೋರ್ಟು ಶುರುವಾಗಿ ಮನೆ ಥಟ್ಟನೆ ಖಾಲಿಯಾಯಿತು. ಒಂದು ಲೋಟ ಚಹಾವೂ ಹೋಗಿರಲಿಲ್ಲ. ದೊಡ್ಡಮ್ಮ ಬೆಂಚಿನ ಮೇಲೆ ಕುಕ್ಕರಿಸಿದಳು. ‘ಮಾತಾಡ್ಸಬೇಡಿ ನನ್ನ’ ಎಂದಳು. ಯಾರೂ ಮಾತಾಡಿಸಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದಿದ್ದವನು ವಾಪಸು ಬಂದ, ಈಗ ಕಾಲಿಗೆ ಹಾಕಿಕೊಂಡು, ನಿಧಾನವಾಗಿ.

‘ಏನಾಯ್ತು?’ ಅಜ್ಜಿ ಕೇಳಿದಳು.

‘ಮುಂದಕ್ಕೆ ಹಾಕಿದ್ರು, ಅಜ್ಜಿ.’ ಬೆಂಚಿನ ಮೇಲೆ ಕೂತ. ‘ಒಂದು ಚಹಾ. ಎರಡು ಕೊಡಿ.’

ಬಸ್ಸು ಹಿಡಿಯಬೇಕಾದವರೆಲ್ಲ ಅದೇ ದಾರಿಯಲ್ಲಿ ಬಂದರು. ಈಗ ಯಾರಿಗೂ ಅವಸರವಿರಲಿಲ್ಲ. ಬೆಂಚು ತುಂಬಿತು. ಅಜ್ಜಿಯ ಮಂಚದ ಮೇಲೂ ಮೂವರು ಕೂತರು. ಒಬ್ಬಾಕೆ ಅವಳಿಗೆ ಕೇಸನ್ನು ಮೊದಲಿನಿಂದ ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಜೆರಾಕ್ಸು ಬಂದ. ತಲೆಯ ಮೇಲೆ ಮಿಷನ್ ಇರಲಿಲ್ಲ, ಮುಖದಲ್ಲಿ ಇಡೀ ಊರಿನ ನಗುವಿತ್ತು.

‘ಏನಕ್ಕಾ, ಸೂರ್ಯ ಕೈ ಕೊಟ್ಟನಂತೆ?’

‘ಗೇಟು ನಿನ್ನದು, ದಾರಿ ನಂದು’ ಎಂದಳು ದೊಡ್ಡಮ್ಮ. ‘ಸಾಲಲ್ಲಿ ನಿಲ್ಲು. ಹಾಲು ತೀರ್‍ತಾ ಬಂತು.’

ಎರಡೂ ಕಡೆ ತೆರೆದದ್ದರಿಂದ ಗಾಳಿ ನುಗ್ಗಿ ಮುಂಬಾಗಿಲು ದಡಾರೆಂದು ಬಡಿದುಕೊಳ್ಳುತ್ತಿತ್ತು. ಮೂರನೇ ಸಲ ಬಡಿದಾಗ ದೊಡ್ಡಮ್ಮ ಸ್ಟವ್ ಹತ್ತಿರದಿಂದಲೇ ಕೂಗಿದಳು, ‘ರೀ, ಆ ಬಾಗಿಲು ಬಿಚ್ಚಿಡಿ. ಜನ ಓಡಾಡೋ ಜಾಗ ಅದು.’ ದೊಡ್ಡಪ್ಪ ಬಿಚ್ಚಿ ಓಣಿಗೆ ತಂದು ಇಟ್ಟಿಗೆಯ ಮೇಲೆ ಅಡ್ಡ ಹಾಕಿದ. ಅದರ ಮೇಲೆ ಆರು ಜನ ಕೂತರು.

ನಾವು ಕಳೆದುಕೊಂಡದ್ದು: ಗೋಡೆ ಒಂದು, ಅಡುಗೆಮನೆ ಒಂದು, ಎರಡನೇ ಕೋರ್ಟಿನ ಕಿಟಕಿ ಒಂದು, ನಿಂಬೆ ಗಿಡ ಒಂದು, ಲೋಟ ಹನ್ನೊಂದು, ಬಾಗಿಲು ಒಂದು.